ಬೆದರಿದ ಜಿಂಕೆಯ ಮಾಂಸ

ದಕ್ಷಿಣ ಆಫ್ರಿಕಾದ ಕರೂ ಬಯಲಿಗೆ ಬಂದು ಇದು ನನಗೆ ಮೂರನೇ ಚಳಿಗಾಲ. ಇಲ್ಲಿ ಸ್ಪ್ರಿಂಗ್‌ಬಾಕ್ ಎಂಬ ಜಿಂಕೆಗಳು ದೊಡ್ಡ ದೊಡ್ಡ ಬೇಲಿಯೊಳಗೆ ಕಾಡಿನಲ್ಲಿದ್ದಂತೆಯೇ ಬದುಕುತ್ತವೆ. ಚಳಿಗಾಲದಲ್ಲಿ ಮಾಂಸಕ್ಕೆ ಬೇಟೆ. ಆ ಮಾಂಸ ಪರೀಕ್ಷಿಸುವುದು ನನ್ನ ಕೆಲಸ. ಕೃಷ್ಣಮೃಗ ಮುಟ್ಟಿದರೆ ಜೈಲು ಅಂತ ಕೇಳಿ ಬೆಳೆದವಳು ನಾನು. ಮೊದಲ ವಾರ ಊಟವೇ ಸೇರಲಿಲ್ಲ.

ಬೇಟೆ ನಡೆಯುವುದು ರಾತ್ರಿ. ಸ್ಪಾಟ್‌ಲೈಟ್ ಬಿದ್ದರೆ ಜಿಂಕೆ ನಿಂತಲ್ಲೇ ನಿಲ್ಲುತ್ತದೆ. ತಲೆಗೆ ಒಂದೇ ಗುಂಡು. ಅದಕ್ಕೆ ಗೊತ್ತೇ ಆಗಬಾರದು.

ಹೋದ ತಿಂಗಳು ಒಂದಕ್ಕೆ ಗುರಿ ತಪ್ಪಿ ಹೊಟ್ಟೆಗೆ ಬಿತ್ತು. ಓಡಿತು, ಬಹಳ ದೂರ ಓಡಿತು. ಮರುದಿನ ಅದರ ತೊಡೆಗೆ ಪಿಎಚ್ ಅಳೆಯುವ ಮೀಟರ್ ಚುಚ್ಚಿದೆ. ಆಮ್ಲ ಹೆಚ್ಚಿದಷ್ಟೂ ಪಿಎಚ್ ಕಡಿಮೆ. ಪಿಎಚ್ 6.3. ಕೊಯ್ದ ಜಾಗ ಕಪ್ಪಗಿತ್ತು, ಬೆರಳಿಟ್ಟರೆ ಅಂಟುತ್ತಿತ್ತು. ಪಕ್ಕದ ಕೊಕ್ಕೆಯಲ್ಲಿದ್ದದ್ದು ಅದೇ ಹಿಂಡಿನದು, ಅದೇ ರಾತ್ರಿಯದು. ಅದರದು 5.5, ಒಳ್ಳೆ ಕೆಂಪು.

ಸ್ನಾಯುವಿನಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರಾಣ ಹೋದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ, 7ರ ಹತ್ತಿರ ಇದ್ದ ಪಿಎಚ್ ಇಳಿಯುತ್ತದೆ. ಬೆದರಿ ಓಡಿದ ಪ್ರಾಣಿಯಲ್ಲಿ ದಾಸ್ತಾನು ಮೊದಲೇ ಖಾಲಿ. ಆಮ್ಲ ಎಲ್ಲಿಂದ ಬರಬೇಕು? ಅಂಥ ಮಾಂಸ ಬೇಗ ಕೆಡುತ್ತದೆ.

ತೂಕದ ಲೆಕ್ಕವೂ ಗುಂಡಿನ ಮೇಲೇ ನಿಂತಿದೆ. ತಲೆ, ಚರ್ಮ, ಕಾಲು, ಕರುಳು ತೆಗೆದರೆ ಸ್ಪ್ರಿಂಗ್‌ಬಾಕ್‌ನಲ್ಲಿ ನೂರಕ್ಕೆ 55ರಿಂದ 60ರಷ್ಟು ತೂಕ ಉಳಿಯುತ್ತದೆ. ಆದರೆ ಭುಜಕ್ಕೆ ಬಿದ್ದರೆ ಆ ಭುಜ ಹೋಯಿತು. ಹೊಟ್ಟೆಗೆ ಬಿದ್ದರೆ ಒಳಗಿನದೆಲ್ಲ ಚೆಲ್ಲಿ, ತಾಗಿದ ಕಡೆಯೆಲ್ಲ ಕತ್ತರಿಸಿ ಎಸೆಯಬೇಕು. ಅಷ್ಟು ದೂರ ಓಡಿ ಸತ್ತ ಜೀವದ ಮಾಂಸವನ್ನು ಬಕೆಟ್‌ಗೆ ಹಾಕುವಾಗ ನನಗೆ ತುಂಬಾ ಸಂಕಟವಾಗುತ್ತದೆ.

ಇನ್ನೊಂದು, ಈ ಮಾಂಸದಲ್ಲಿ ಕೊಬ್ಬು ಸಾಮಾನ್ಯವಾಗಿ ನೂರಕ್ಕೆ ಮೂರರಷ್ಟೂ ಇರುವುದಿಲ್ಲ. ಮೈಮೇಲೆ ಕೊಬ್ಬಿನ ಹೊದಿಕೆ ಇಲ್ಲವಲ್ಲ, ತೀರಾ ಬೇಗ ತಣ್ಣಗಾದರೆ ಸ್ನಾಯು ಕುಗ್ಗಿ ಮಾಂಸ ಗಡುಸಾಗುತ್ತದೆ. ಕರೂ ರಾತ್ರಿಗಳಲ್ಲಿ ನೀರೇ ಹೆಪ್ಪುಗಟ್ಟುತ್ತದೆ, ಹಾಗಾಗಿ ಅದರ ಮೇಲೂ ಕಣ್ಣಿಡಬೇಕು.

ನಮ್ಮ ಗುಂಡು ಹೊಡೆಯುವವರು ವಯಸ್ಸಾದ ರೈತ. ಗಾಳಿ ಎದ್ದರೆ, ಹಿಂಡು ಬೆದರಿದರೆ, ಮಾತಿಲ್ಲದೆ ದೀಪ ಆರಿಸಿ ಗಾಡಿ ತಿರುಗಿಸುತ್ತಾರೆ. ಕೊಕ್ಕೆಗಳು ಖಾಲಿ. ಹಿಂದೆ ಕೂತ ನಾನು ಕಂಬಳಿ ಎಳೆದುಕೊಂಡು, ಕತ್ತಲಲ್ಲಿ ಗೊರಸಿನ ಸದ್ದು ದೂರವಾಗುವುದನ್ನು ಕೇಳುತ್ತೇನೆ.