ಪ್ಯಾರಿಸ್‌ಗೆ ಹೊರಟವರಿಗೆ: ಕಿಸೆಗಳ್ಳರ ಬಗ್ಗೆ ಒಂದಿಷ್ಟು ಎಚ್ಚರ

ಅಪ್ಪ-ಅಮ್ಮನನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋಗುವ ಮುನ್ನ ನಾವು ಹೋಟೆಲು, ಟಿಕೆಟುಗಳಿಗೆ ಕೊಟ್ಟಷ್ಟೇ ಗಮನವನ್ನು ಕಳ್ಳತನದ ವಿಷಯಕ್ಕೂ ಕೊಟ್ಟಿದ್ದೆವು. ಅಲ್ಲಿ ಪ್ರವಾಸಿಗರು ಮುಖ್ಯವಾಗಿ ಎಚ್ಚರವಹಿಸಬೇಕಾದದ್ದು ಸದ್ದಿಲ್ಲದೆ ಜೇಬಿಗೆ ಕೈಹಾಕುವವರ ಬಗ್ಗೆ. 2013ರ ಏಪ್ರಿಲ್‌ನಲ್ಲಿ ಇವರ ಕಾಟ ತಾಳಲಾರದೆ ಲೂವ್ರ್ ವಸ್ತುಸಂಗ್ರಹಾಲಯದ ಸಿಬ್ಬಂದಿಯೇ ಕೆಲಸ ನಿಲ್ಲಿಸಿ, ಸಂಗ್ರಹಾಲಯ ಒಂದು ದಿನ ಮುಚ್ಚಿತ್ತೆಂದರೆ ಸಮಸ್ಯೆಯ ಆಳ ಅರ್ಥವಾದೀತು.

ಷಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ಆರ್‌ಇಆರ್ ಬಿ ರೈಲಿನಲ್ಲೇ ಎಚ್ಚರ ಶುರುವಾಗಬೇಕು. ನಿದ್ದೆಗೆಟ್ಟು, ಎರಡೂ ಕೈಗಳಲ್ಲಿ ಸೂಟ್‌ಕೇಸ್ ಹಿಡಿದು ಇಳಿಯುವವರ ಜೇಬನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಮೆಟ್ರೋದ ಒಂದನೆಯ ಮಾರ್ಗದಲ್ಲಿ ನಾವು ಕಣ್ಣಾರೆ ಕಂಡ ಘಟನೆಯಿದು. ಒಬ್ಬ ಯುವತಿ ಏನೋ ಮರೆತವಳಂತೆ ಬಾಗಿಲಲ್ಲೇ ನಿಂತಳು, ಹಿಂದಿನಿಂದ ಇಬ್ಬರು ಒತ್ತಿದರು, ತೋಳಿನ ಮೇಲೆ ಮಡಚಿ ಹಾಕಿದ್ದ ಜಾಕೆಟ್ಟಿನ ಅಡಿಯಿಂದ ಒಂದು ಕೈ ಅಪ್ಪನ ಪ್ಯಾಂಟಿನ ಜೇಬಿನತ್ತ ಚಾಚಿತು. ಬಾಗಿಲು ಮುಚ್ಚುವ ಸೂಚನೆ ಮೊಳಗುತ್ತಿದ್ದಂತೆ ಮೂವರೂ ಕೆಳಗಿಳಿದಿದ್ದರು. ಆ ಜೇಬಿನಲ್ಲಿದ್ದದ್ದು ಕರವಸ್ತ್ರ ಮಾತ್ರ. ಹಣ ಮತ್ತು ಪಾಸ್‌ಪೋರ್ಟ್, ಊರಿನ ದರ್ಜಿಯಿಂದ ಹೊಲಿಸಿಕೊಂಡಿದ್ದ ಜಿಪ್ ಇರುವ ಕಳ್ಳಜೇಬಿನಲ್ಲಿ ಭದ್ರವಾಗಿದ್ದವು. ಅಂಗಡಿಗಳಲ್ಲಿ ಸಿಗುವ ಯಾವ ದುಬಾರಿ ಚೀಲಕ್ಕಿಂತಲೂ ನಾನು ಇದನ್ನೇ ಮೊದಲು ಹೇಳುತ್ತೇನೆ. ಹೆಂಗಸರು ಚಿನ್ನದ ಸರಗಳನ್ನು ಮನೆಯಲ್ಲೇ ಬಿಟ್ಟು, ಕರಿಮಣಿಯನ್ನು ಉಡುಪಿನ ಒಳಗೆ ಹಾಕಿಕೊಳ್ಳುವುದು ಒಳ್ಳೆಯದು.

ಸಾಕ್ರೆ ಕರ್ ಚರ್ಚಿನ ಮೆಟ್ಟಿಲುಗಳ ಬಳಿ ಮುಂಗೈಗೆ ಬಣ್ಣದ ದಾರ ಕಟ್ಟಲು ಬರುವವರು, ಸಹಿ ಸಂಗ್ರಹದ ಹಾಳೆ ಹಿಡಿದ ಹುಡುಗಿಯರು, ಸೇನ್ ನದಿಯ ದಡದಲ್ಲಿ ಉಂಗುರ ಸಿಕ್ಕಿತೆನ್ನುವವರು ಎದುರಾದರೆ ನಿಲ್ಲದೆ ನಡೆಯಿರಿ. ಹಿರಿಯರಿಗೆ ಇದು ಒರಟುತನ ಅನ್ನಿಸುತ್ತದೆ. ಆದ್ದರಿಂದ ಹೊರಡುವ ಮೊದಲೇ ಅವರಿಗೆ ಬಿಡಿಸಿ ಹೇಳಿರಬೇಕು.

ನನ್ನ ದೃಷ್ಟಿಯಲ್ಲಿ ಇಂದು ನಗದಿಗಿಂತ ದೊಡ್ಡ ನಷ್ಟ ಮೊಬೈಲಿನದು. ಬ್ಯಾಂಕಿನ ಒಟಿಪಿ, ಹೋಟೆಲಿನ ಬುಕಿಂಗ್, ನಕಾಶೆ ಎಲ್ಲವೂ ಅದರಲ್ಲೇ ಇರುವುದರಿಂದ ಅದು ಹೋದರೆ ಕೈಕಾಲು ಕಟ್ಟಿದಂತಾಗುತ್ತದೆ. ಕೆಫೆಯ ಮೇಜಿನ ಮೇಲೆ ಅದನ್ನು ಇಡಬೇಡಿ. ಹಾಳೆಯೊಂದನ್ನು ಅದರ ಮೇಲೆ ಚಾಚಿ, ಮಾತಾಡಿಸುತ್ತಲೇ ಎತ್ತಿಕೊಂಡು ಹೋಗುತ್ತಾರೆ. ಮೊಬೈಲಿನ ಗುರುತಿನ ಸಂಖ್ಯೆಯಾದ ಐಎಂಇಐ, ಬ್ಯಾಂಕಿನ ಸಹಾಯವಾಣಿ ಮತ್ತು ಬುಕಿಂಗ್ ವಿವರಗಳನ್ನು ಕಾಗದದಲ್ಲಿ ಬರೆದು ಮನೆಯವರಲ್ಲಿ ಇಬ್ಬರ ಬಳಿ ಇಡಿ. ಒಂದು ಕಾರ್ಡ್ ಹೊರಗೆ ಬಳಸಿ, ಇನ್ನೊಂದನ್ನು ಬೇರೆ ಕಡೆ ಇಡಿ. ವಿದೇಶಿ ವಹಿವಾಟಿನ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆಯಾ ದಿನಕ್ಕೆ ಬೇಕಾದಷ್ಟೇ ತೆರೆದಿಟ್ಟುಕೊಳ್ಳಬಹುದು.

ಪಾಸ್‌ಪೋರ್ಟ್ ಕಳುವಾದರೆ ಅದರೊಳಗಿನ ಷೆಂಗೆನ್ ವೀಸಾವೂ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ವೀಸಾ) ಕೈತಪ್ಪುತ್ತದೆ. ಭಾರತೀಯ ರಾಯಭಾರ ಕಚೇರಿ ಕೊಡುವ ತುರ್ತು ಪ್ರಮಾಣಪತ್ರವು ಭಾರತಕ್ಕೆ ಹಿಂದಿರುಗಲು ಮಾತ್ರ ಉಪಯೋಗಕ್ಕೆ ಬರುವುದರಿಂದ, ಮುಂದೆ ಸ್ವಿಟ್ಜರ್ಲೆಂಡಿಗೋ ಇಟಲಿಗೋ ಹೋಗುವ ಯೋಜನೆ ಅಲ್ಲಿಗೇ ನಿಲ್ಲಬಹುದು. ಕಳ್ಳತನವಾದ ಕೂಡಲೇ ಕಾರ್ಡ್‌ಗಳನ್ನು ಬ್ಲಾಕ್ ಮಾಡಿಸಿ, ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ. ತುರ್ತಿಗೆ 17 ಅಥವಾ 112ಕ್ಕೆ ಕರೆ ಮಾಡಬಹುದು. ರಾಯಭಾರ ಕಚೇರಿಯೂ ಪ್ರವಾಸ ವಿಮೆಯವರೂ ಮೊದಲು ಕೇಳುವುದು ಆ ದೂರಿನ ಪ್ರತಿಯನ್ನೇ.