ಗ್ರೈಂಡರ್ ನಿಲ್ಲಿಸ್ತೀರಾ ಅಣ್ಣಾ?

ಮೊನ್ನೆ ಸಂಜೆ ಪಕ್ಕದ ಶೆಡ್‌ನಿಂದ ಒಬ್ಬ ಹುಡುಗ ಬಂದ. "ಅಣ್ಣಾ, ಒಂದು ಗಂಟೆ ಗ್ರೈಂಡರ್ ನಿಲ್ಲಿಸ್ತೀರಾ? ಯೋಗ ಕ್ಲಾಸ್ ನಡೀತಿದೆ" ಅಂದ. ನಿಲ್ಲಿಸಿದೆ. ಆಮೇಲೆ ನಗು ಬಂತು. ಸದ್ದು ಮಾಡುತ್ತೇನೆ ಅಂತಲೇ ಅಲ್ವಾ ನಾನು ಶಿವಮೊಗ್ಗದ ಸಾಗರ ರಸ್ತೆಯ, ವರ್ಕ್‌ಶಾಪ್ ಶೆಡ್‌ಗಳೇ ತುಂಬಿರುವ ಈ ಆಟೋ ಕಾಂಪ್ಲೆಕ್ಸ್‌ಗೆ ಬಂದಿದ್ದು!

ಮೊದಲು ನನ್ನ ಲೇತ್, ಅಂದರೆ ಕಬ್ಬಿಣ ಕಡೆಯುವ ಮಷಿನ್, ಮನೆಗಳ ನಡುವಿನ ಸಂದಿಯಲ್ಲಿತ್ತು. ಎದುರು ಮನೆ ಹುಡುಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳ ಅಮ್ಮ ಜಗಳಕ್ಕೆ ಬರಲಿಲ್ಲ, ಸುಮ್ನೆ ಬಾಗಿಲಲ್ಲಿ ಬಂದು ನಿಂತರು. ಏನೋ ಹೇಳಿದರು. ಆ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಅದೇ ವರ್ಷ ಜಾಗ ಬದಲಿಸಿದೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಇಲ್ಲಿಗೆ ಬಂದು ನೋಡಬೇಕು. ತೀರ್ಥಹಳ್ಳಿ, ಹೊಸನಗರ ಕಡೆಯವರು ಸುಲಿಯುವ ಮಷಿನ್ ಪಿಕಪ್‌ಗೆ ಹೇರಿಕೊಂಡು ಬರುತ್ತಾರೆ. ಶಾಫ್ಟ್ ಸವೆದಿರುತ್ತದೆ, ಬೇರಿಂಗ್ ಹೋಗಿರುತ್ತದೆ. ಮನೆಯಲ್ಲಿ ಹಸಿ ಗೊನೆ ರಾಶಿ ಬಿದ್ದಿರುತ್ತದೆ. ಸುಲಿದು ಬೇಯಿಸಬೇಕು, ವಾರ ಬಿಟ್ಟು ಬನ್ನಿ ಅನ್ನೋ ಹಾಗಿಲ್ಲ. ನಾನು ಶಾಫ್ಟ್ ಕೂರಿಸುವಷ್ಟರಲ್ಲಿ ಹಿಂದಿನ ಶೆಡ್‌ನವನು ಫ್ರೇಮ್ ವೆಲ್ಡ್ ಮಾಡಿರುತ್ತಾನೆ. ಬೇರಿಂಗ್ ನಾಲ್ಕು ಹೆಜ್ಜೆ ಆಚೆ ಸಿಗುತ್ತದೆ. ಮಧ್ಯದ ಒಂದು ಶೆಡ್ ಹೋದರೂ ಆ ರೈತ ಊರೆಲ್ಲ ಸುತ್ತಬೇಕು.

ಮಾಲಿನ್ಯ ನಿಯಂತ್ರಣ ಮಂಡಳಿಯವರು ಉದ್ಯಮಗಳಿಗೆ ಬಣ್ಣ ಕೊಡುತ್ತಾರೆ. ಕೆಂಪು, ಕಿತ್ತಳೆ, ಹಸಿರು ಮೊದಲೇ ಇದ್ದವು, 2016ರಲ್ಲಿ ಬಿಳಿ ಸೇರಿತು. ಹೊಗೆ, ಕೊಳೆ ನೀರು, ಅಪಾಯದ ಕಸ ಎಲ್ಲ ಲೆಕ್ಕ ಹಾಕಿ ಆಗ 60 ಅಂಕ ಮುಟ್ಟಿದರೆ ಕೆಂಪು, 20ರೊಳಗಿದ್ದರೆ ಬಿಳಿ ಅಂದರು. ಬೇಕಾದ ಲೆಕ್ಕವೇ. ಫೌಂಡ್ರಿ ಕುಲುಮೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿದ್ದರೇ ಚೆಂದ, ನನ್ನ ಪಕ್ಕ ಬೇಡ.

ಆದರೆ ಯೋಗ ಕ್ಲಾಸ್ ಹೊಗೆ ಬಿಡುವುದಿಲ್ಲವಲ್ಲ. ಹಾಗಂತ ಅದು ಇಲ್ಲಿರಬೇಕಾ? ನಾನು ಕೇಳುವುದು ಒಂದೇ: ಇದು ಬೇರೆ ಎಲ್ಲಾದರೂ ನಡೆಯುತ್ತದಾ? ಯೋಗ ವಿನೋಬನಗರದ ಯಾವ ಮಹಡಿ ಮೇಲಾದರೂ ನಡೆಯುತ್ತದೆ. ಅದೇ ಶೆಡ್‌ನಲ್ಲಿ ಮೊದಲಿದ್ದ, ಗಾಡಿಗಳ ನೆಗ್ಗಿದ ತಗಡು ಬಡಿದು ಸರಿ ಮಾಡುವ ಟಿಂಕರಿಂಗ್‌ನವನು ಸುತ್ತಿಗೆ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಯೋಗದವರು ಬಾಡಿಗೆ ಜಾಸ್ತಿ ಕೊಟ್ಟರು, ಅವನು ಎದ್ದ. ಮಾಲೀಕರನ್ನು ಬೈದು ಏನು ಬಂತು, ನಾನೂ ಬಾಡಿಗೆಯವನೇ.

ಈ ಲೆಕ್ಕ ಹಿಡಿದರೆ ಮೂಲೆಯ ಟೀ ಅಂಗಡಿಯೂ ಏಳಬೇಕಾಗುತ್ತದೆ. ಅದಕ್ಕೆ ನಾನು ಒಪ್ಪಲ್ಲ. ನಾಲ್ಕು ಗಂಟೆಯ ಟೀ, ಖಾರ ಮಂಡಕ್ಕಿ ಇಲ್ಲದೆ ಲೇತ್ ತಿರುಗುವುದಿಲ್ಲ.

ಹುಡುಗನಿಗೆ, "ಬೆಳಿಗ್ಗೆ ಆರಕ್ಕೆ ಕ್ಲಾಸ್ ಇಟ್ಕೊಳ್ಳಪ್ಪ, ನಾನು ಶಟರ್ ಎತ್ತೋದೇ ಒಂಬತ್ತಕ್ಕೆ" ಅಂದಿದ್ದೇನೆ. ಕೊಯ್ಲು ಶುರುವಾದರೆ ಆರಕ್ಕೇ ಪಿಕಪ್ ಬಂದು ನಿಂತಿರುತ್ತದೆ ಅಂತ ಇನ್ನೂ ಹೇಳಿಲ್ಲ.