ಟಿ ಕೋಶದ ಇಂಧನ ಮತ್ತು ಕಸಿ ಅಂಗದ ಉಳಿವು

ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸುವುದೋ ಸಹಿಸಿಕೊಳ್ಳುವುದೋ ಎಂಬುದನ್ನು ಬಹುಕಾಲ ‘ತನ್ನದೋ ಪರಕೀಯವೋ’ ಎಂಬ ಗುರುತಿನ ಪ್ರಶ್ನೆಯಾಗಿಯೇ ನೋಡಲಾಗುತ್ತಿತ್ತು. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆಯವರ ತಂಡ ಮಾಡಿದ ಮೂತ್ರಪಿಂಡ ಕಸಿ ಫಲಿಸಿದ್ದು ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದರಿಂದ. ಅಲ್ಲಿ ಪರಕೀಯವೆನ್ನಲು ಏನೂ ಇರಲಿಲ್ಲ. ಆದರೆ ಪರಕೀಯವೆಂದು ಗುರುತಿಸಿದ ಟಿ ಕೋಶ (ದೇಹದ ರಕ್ಷಣಾ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣ) ಮುಂದೇನು ಮಾಡುತ್ತದೆಂಬುದು ಅದು ಯಾವ ಇಂಧನವನ್ನು ಹೇಗೆ ಬಳಸುತ್ತದೆಂಬುದನ್ನೂ ಅವಲಂಬಿಸಿದೆ, ಮತ್ತು ನನಗೆ ಈ ವಿಷಯದ ತಿರುಳು ಇರುವುದು ಅಲ್ಲಿಯೇ.

ವಿಶ್ರಾಂತ ಸ್ಥಿತಿಯ ಟಿ ಕೋಶ ಮಿತವ್ಯಯಿ. ಕೋಶದೊಳಗಿನ ಶಕ್ತಿ ಉತ್ಪಾದನಾ ಘಟಕವಾದ ಮೈಟೊಕಾಂಡ್ರಿಯದಲ್ಲಿ ಪೂರ್ತಿ ಉರಿದ ಒಂದು ಗ್ಲೂಕೋಸ್ ಅಣು ಸುಮಾರು 30 ಎಟಿಪಿ (ಕೋಶ ಶಕ್ತಿಯಾಗಿ ಬಳಸುವ ಅಣು) ಕೊಡುತ್ತದೆ. ಕೆರಳಿದ ಕೋಶವಾದರೋ, ಆಮ್ಲಜನಕ ಸಾಕಷ್ಟಿದ್ದರೂ, ಬಹುಪಾಲು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಆಗಿ ಹೊರಹಾಕುತ್ತದೆ; ಆಗ ದಕ್ಕುವುದು ಅಣುವೊಂದಕ್ಕೆ 2 ಎಟಿಪಿ ಮಾತ್ರ. ಇದು ದುಂದುಗಾರಿಕೆಯಲ್ಲ. ಕೆಲವೇ ದಿನಗಳಲ್ಲಿ ಸಾವಿರಾರಾಗಿ ಹೆಚ್ಚಬೇಕಾದ ಕೋಶಕ್ಕೆ ಡಿಎನ್‌ಎ, ಪೊರೆ, ಪ್ರೋಟೀನುಗಳನ್ನು ಕಟ್ಟುವ ಕಚ್ಚಾವಸ್ತು ಬೇಕು, ಅದು ಈ ದಾರಿಯಲ್ಲಿ ಬೇಗ ಒದಗುತ್ತದೆ. ದಾಳಿಯನ್ನು ತಡೆದು ಸಹಿಷ್ಣುತೆಯನ್ನು ಕಾಯುವ ನಿಯಂತ್ರಕ ಟಿ ಕೋಶಗಳು ಮಾತ್ರ ಹೆಚ್ಚಾಗಿ ಕೊಬ್ಬಿನಾಮ್ಲಗಳ ದಹನವನ್ನೇ ನೆಚ್ಚಿಕೊಂಡಿರುತ್ತವೆ.

ಹಾಗೆ ನೋಡಿದರೆ ತಿರಸ್ಕಾರ ತಡೆಯಲು ಈಗಾಗಲೇ ಬಳಕೆಯಲ್ಲಿರುವ ಕೆಲವು ಔಷಧಗಳೂ ಕೋಶದ ಚಯಾಪಚಯವನ್ನೇ ಗುರಿಯಾಗಿಸಿವೆ. ಮೈಕೊಫೆನೊಲೇಟ್ ಡಿಎನ್‌ಎಗೆ ಬೇಕಾದ ಗ್ವಾನೊಸಿನ್ ತಯಾರಿಕೆಯನ್ನು ತಡೆಯುತ್ತದೆ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯದಿಂದ ದೊರೆತ ಸಿರೊಲಿಮಸ್, ಕೋಶಕ್ಕೆ ಪೋಷಕಾಂಶಗಳ ಲಭ್ಯತೆಯನ್ನು ತಿಳಿಸುವ ಎಂಟಾರ್ ಎಂಬ ಪ್ರೋಟೀನನ್ನು ಅದುಮಿ, ದಾಳಿಕೋರ ಕೋಶಗಳನ್ನು ಕುಗ್ಗಿಸಿ ನಿಯಂತ್ರಕ ಕೋಶಗಳಿಗೆ ಎಡೆಮಾಡಿಕೊಡುತ್ತದೆ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಗ್ಲೂಕೋಸ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಬಳಕೆಯನ್ನು ತಡೆಯುವ ಎರಡು ರಾಸಾಯನಿಕಗಳನ್ನು ಮಧುಮೇಹದ ಔಷಧ ಮೆಟ್‌ಫಾರ್ಮಿನ್ ಜೊತೆ ಕೊಟ್ಟಾಗ, ಇಲಿಗಳಲ್ಲಿ ಹೊಂದಾಣಿಕೆಯಿಲ್ಲದ ಚರ್ಮ ಮತ್ತು ಹೃದಯದ ಕಸಿಗಳು ಹೆಚ್ಚು ಕಾಲ ಉಳಿದವು.

ಇದನ್ನು ಮನುಷ್ಯರಿಗೆ ಅನ್ವಯಿಸುವ ಉತ್ಸಾಹ ನನಗೆ ಸ್ವಲ್ಪ ಅವಸರದ್ದೆನಿಸುತ್ತದೆ. ಹಿಂದಿನ ಸೋಂಕುಗಳಿಂದ ಉಳಿದ ಸ್ಮೃತಿ ಟಿ ಕೋಶಗಳಲ್ಲಿ ಕೆಲವು ದಾನಿಯ ಅಂಗದ ಮೇಲೂ ತಿರುಗಿಬೀಳಬಲ್ಲವು. ಪ್ರಯೋಗಾಲಯದ ಇಲಿಗಳಲ್ಲಿ ಅವು ವಿರಳ, ವಯಸ್ಕರಲ್ಲಿ ಹೇರಳ. ಅವೂ ಮೈಟೊಕಾಂಡ್ರಿಯವನ್ನೇ ನೆಚ್ಚಿ ಬದುಕುವುದರಿಂದ, ಗ್ಲೂಕೋಸ್ ತಡೆದ ಮಾತ್ರಕ್ಕೆ ಮಣಿಯುತ್ತವೆಂಬ ಭರವಸೆಯಿಲ್ಲ. ಇನ್ನು ಮೈಟೊಕಾಂಡ್ರಿಯದಲ್ಲೇ ನಡೆಯುವ ಕೊಬ್ಬಿನ ದಹನವನ್ನು ತಡೆಯೋಣವೆಂದರೆ, ನಿಯಂತ್ರಕ ಕೋಶಗಳ ಜೊತೆಗೆ, ತಮ್ಮ ಶಕ್ತಿಯ ಬಹುಪಾಲನ್ನು ಕೊಬ್ಬಿನಿಂದಲೇ ಪಡೆಯುವ ಮೂತ್ರಪಿಂಡದ ಸೂಕ್ಷ್ಮ ಮೂತ್ರನಾಳಿಕೆಗಳಿಗೂ ಪೆಟ್ಟು ಬೀಳುತ್ತದೆ.